ಚಕ್ರವರ್ತಿ ಹತ್ತು ಗಂಟೆಗೇ ಬಂದ

ಹೋದ ತಿಂಗಳು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ, ಶಾಲೆಯೊಂದರ ಹಾಲಿನಲ್ಲಿ, ಕನ್ನಡದವರ ಕಾರ್ಯಕ್ರಮವಿತ್ತು. ಎಂದಿನಂತೆ ಒಬ್ಬ ಕೌನ್ಸಿಲರ್‌ನನ್ನು ಕರೆದಿದ್ದರು. ಎಂದಿನಂತೆ ಅವನ ತಲೆಗೆ ಮೈಸೂರು ಪೇಟ ಇಟ್ಟರು, ಎಂದಿನಂತೆ ಅದು ಕಿವಿಯವರೆಗೂ ಜಾರಿತು. ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಪೇಟವನ್ನು ಡಬ್ಬಿಯಿಂದ ತೆಗೆದಾಗ ಬಂದ ನುಸಿಗುಳಿಗೆಯ ವಾಸನೆಯೂ ಗಂಧದ ಹಾರದ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿದವು. ಕೂರಲಾಗದೆ ಎದ್ದು ಕಾರ್ ಪಾರ್ಕಿಗೆ ಬಂದುಬಿಟ್ಟೆ.

ನನ್ನ ಗಂಡ ಜೀವನ್ ಹಿಂದೆಯೇ ಓಡಿ ಬಂದರು. "ಏನಾಯ್ತೇ? ತಲೆ ಸುತ್ತು ಬಂತಾ?"

"ಇಲ್ರೀ. ಲಿವರ್‌ಪೂಲ್ ನೆನಪಾತು."

ಅವರು ಕಾರಿನ ಕೀ ತೆಗೆದು, ಸುಮ್ಮನೆ ಅದನ್ನೇ ನೋಡುತ್ತಾ ನಿಂತರು. ಈ ಒಂದು ವಿಷಯದಲ್ಲಿ ನಾವಿಬ್ಬರೂ ಜಗಳವಾಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಲಿವರ್‌ಪೂಲ್ ಎಂದರೆ ಸಿಡ್ನಿಯ ಲಿವರ್‌ಪೂಲ್. ನಾವು ಮೆಲ್ಬರ್ನಿಗೆ ಬರುವ ಮೊದಲು ಅಲ್ಲಿದ್ದೆವು, ನಾನು ಹೇಳುತ್ತಿರುವುದು ಅಲ್ಲಿನ ನಮ್ಮ ಕೊನೆಯ ಚಳಿಗಾಲದ ಮಾತು. ಜೀವನ್‌ಗೆ ಐಟಿ ಕೆಲಸ. ನಾನು ಗದಗ-ಬೆಟಗೇರಿಯಲ್ಲಿ ಕಾಲೇಜಿನ ಹುಡುಗರಿಗೆ ಇತಿಹಾಸ ಹೇಳಿಕೊಡುತ್ತಿದ್ದವಳು, ಇಲ್ಲಿ ಚೈಲ್ಡ್‌ಕೇರಿನಲ್ಲಿ ಮಕ್ಕಳ ಮೂಗು ಒರೆಸುತ್ತಿದ್ದೆ. ಆ ಕೆಲಸದ ಬಗ್ಗೆ ನನಗೇನೂ ಬೇಸರವಿರಲಿಲ್ಲ. ಆದರೆ ಪಾಠ ಹೇಳುವ ಚಟ ಇದೆಯಲ್ಲ, ಅದು ವೀಸಾ ಬದಲಾದರೂ ಹೋಗುವುದಿಲ್ಲ.

ನಾವು ಕನ್ನಡ ಕ್ರೈಸ್ತರು. ಹಾಗೆಂದ ತಕ್ಷಣ ಕನ್ನಡದವರೇ "ಓ, ಮಂಗಳೂರಾ?" ಎನ್ನುತ್ತಾರೆ. ಅಲ್ಲ ಮಾರಾಯರೇ, ಬೆಟಗೇರಿ. ನಮ್ಮ ಮನೆಯಲ್ಲಿ ಕೊಂಕಣಿ ಇಲ್ಲ. ಹಾಡುವುದು, ಜಗಳವಾಡುವುದು, ಪ್ರಾರ್ಥಿಸುವುದು ಎಲ್ಲ ಕನ್ನಡದಲ್ಲೇ. ನಮ್ಮಂಥ ಕೆಲವು ಕುಟುಂಬಗಳು ಭಾನುವಾರ ರತ್ನಮ್ಮ ಆಂಟಿಯ ಮನೆಯ ಗ್ಯಾರೇಜಿನಲ್ಲಿ ಸೇರುತ್ತಿದ್ದೆವು. ಮೈಸೂರಿನವರಾದ ಆಂಟಿ, ಗಂಡ ತೀರಿಕೊಂಡ ಮೇಲೆ, ಕಾರು ಮಾರಿ, ಗ್ಯಾರೇಜನ್ನು ದೇವರಿಗೆ ಬಿಟ್ಟಿದ್ದರು. ಅವರ ಮದುವೆ ಕಾಲದ ಊಟದ ಮೇಜೇ ನಮ್ಮ ಸಂಸ್ಕಾರದ ಮೇಜು. ತಿಂಗಳ ಮೊದಲ ಭಾನುವಾರ ಎಪ್ಪಿಂಗ್‌ನಿಂದ ಒಬ್ಬ ರಿಟೈರ್ಡ್ ಪಾದ್ರಿ ಅಯ್ಯನವರು ಬಂದು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ, ನಡೆಸಿಕೊಡುತ್ತಿದ್ದರು. ಒಣದ್ರಾಕ್ಷಿಯನ್ನು ನೆನೆಸಿ ಹಿಂಡಿದ ರಸವನ್ನು ಆಂಟಿ ಮಾಡುತ್ತಿದ್ದರು. ರೊಟ್ಟಿ ಮಾತ್ರ ದಾರಿಯೂಷ್‌ನದು.

ದಾರಿಯೂಷ್ ಇರಾನಿನವನು. ಆಂಟಿಯ ಹಿತ್ತಲಿನ ಗ್ರ್ಯಾನಿ ಫ್ಲ್ಯಾಟ್ ಎನ್ನುವ ಪುಟ್ಟ ಮನೆಯಲ್ಲಿ ಬಾಡಿಗೆಗಿದ್ದ. ತನ್ನ ದೇಶದಲ್ಲಿ ಗುಟ್ಟಾಗಿ ಕ್ರೈಸ್ತನಾಗಿ, ಅದು ಬಯಲಾಗಿ, ಇಂಡೊನೇಷ್ಯಾದಿಂದ ದೋಣಿಯಲ್ಲಿ ಬಂದು ವರ್ಷಗಟ್ಟಲೆ ಡಿಟೆನ್ಷನ್ ಶಿಬಿರದಲ್ಲಿದ್ದವನು. ಕೈಯಲ್ಲಿದ್ದದ್ದು ತಾತ್ಕಾಲಿಕ ವೀಸಾ. ಅದು ಮುಗಿದು ವಾಪಸ್ ಕಳಿಸಿದರೆ ಅವನ ಗತಿ ಏನೆಂದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ. ಮೊದಲು ಬಾಡಿಗೆಯವನಾಗಿ ಬಂದ, ಆಮೇಲೆ ಕುರ್ಚಿ ಹಾಕಲು ಬಂದ, ಆಮೇಲೆ ಕೂತೇಬಿಟ್ಟ. ನಮ್ಮ ಕೀರ್ತನೆಗಳ ಒಂದು ಪದದ ಅರ್ಥವೂ ತಿಳಿಯದೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ. ಎಲ್ಲರೂ ಕರೆಯುವುದನ್ನು ಕೇಳಿ ನನ್ನನ್ನು "ಸುಗುಣಕ್ಕ" ಎನ್ನುತ್ತಿದ್ದ.

ಆ ಚಳಿಗಾಲ ಶನಿವಾರ ಮಧ್ಯಾಹ್ನಗಳಲ್ಲಿ ನಾನು ಅದೇ ಗ್ಯಾರೇಜಿನಲ್ಲಿ ಆದಿಸಭೆಯ, ಅಂದರೆ ಶುರುವಿನ ಕಾಲದ ಕ್ರೈಸ್ತರ, ಇತಿಹಾಸ ಹೇಳಲು ಶುರುಮಾಡಿದೆ. ಸಿಡ್ನಿಯ ಚಳಿ ಹೊರಗಿಗಿಂತ ಮನೆಯೊಳಗೇ ಹೆಚ್ಚು. ರೋಲರ್ ಶಟರಿನ ಕೆಳಗಿನಿಂದ ಗಾಳಿ ನುಗ್ಗಿ ಕಾಲು ಮರಗಟ್ಟುತ್ತಿತ್ತು. ಇದ್ದೊಂದು ಹೀಟರನ್ನು ಆಂಟಿಯ ಮಂಡಿಯ ಕಡೆ ತಿರುಗಿಸಿಟ್ಟು, ಉಳಿದವರು ಕಂಬಳಿ ಹೊದ್ದು ಕೂರುತ್ತಿದ್ದೆವು. ನನಗೆ ಮಾತ್ರ ಚಳಿಯೇ ಆಗುತ್ತಿರಲಿಲ್ಲ! ಎಷ್ಟು ವರ್ಷಗಳ ಮೇಲೆ ಮುಂದೆ ಕೇಳುವವರಿದ್ದರು.

ರೋಮಿನಲ್ಲಿ ಮೊದಲ ಕ್ರೈಸ್ತರು ಹೀಗೆಯೇ ಯಾರದೋ ಮನೆಯ ಕೋಣೆಯಲ್ಲಿ ಸೇರುತ್ತಿದ್ದರು ಎಂದು ಹೇಳಿದೆ. ಅವರು ಚಕ್ರವರ್ತಿಗಾಗಿ ಪ್ರಾರ್ಥಿಸುತ್ತಿದ್ದರು, ಚಕ್ರವರ್ತಿಗೆ ಪ್ರಾರ್ಥಿಸುತ್ತಿರಲಿಲ್ಲ, ಜಗಳವೆಲ್ಲ ಅಷ್ಟರದ್ದೇ ಎಂದೆ. ಅಧಿಕಾರಿಗಳು ಕೇಳುತ್ತಿದ್ದದ್ದು ದೊಡ್ಡದೇನಲ್ಲ, ಚಕ್ರವರ್ತಿಯ ಹೆಸರಿನಲ್ಲಿ ಕೆಂಡದ ಮೇಲೆ ಒಂದು ಚಿಟಿಕೆ ಧೂಪ. ಹಾಕಿದರೆ ಮನೆಗೆ ಹೋಗಬಹುದು, ಇಲ್ಲದಿದ್ದರೆ ಸೆರೆ, ಸಾವು. ಹಾಕಿದವರೂ ಬೇಕಾದಷ್ಟು ಜನ. ಕಾಟ ನಿಂತ ಮೇಲೆ ಅವರು ಅಳುತ್ತಾ ವಾಪಸ್ ಬಂದಾಗ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಸಭೆಗಳು ಒಡೆದವು. ಮುಂದೆ ಒಬ್ಬ ಚಕ್ರವರ್ತಿಯೇ ಕ್ರೈಸ್ತರ ಪಕ್ಷಕ್ಕೆ ಬಂದ. ಹಿಂದಿನವರ ಕಾಲದಲ್ಲಿ ಕಣ್ಣು ಕೀಳಿಸಿಕೊಂಡಿದ್ದ, ಕಾಲು ಊನವಾಗಿದ್ದ ಹಿರಿಯರನ್ನು ಅರಮನೆಯ ಔತಣಕ್ಕೆ ಕರೆಸಿದ. ಕತ್ತಿ ಹಿಡಿದ ಕಾವಲುಗಾರರ ನಡುವೆ ಅವರು ಹೆದರದೆ ಒಳಗೆ ನಡೆದು ಹೋಗಿ ಊಟಕ್ಕೆ ಕೂತರು.

"ಅಲ್ಲೇ ನಮ್ಮ ಸಭಾ ಕೆಟ್ಟಿದ್ದು ನೋಡ್ರಿ," ಎಂದೆ ನಾನು. "ನಾ ಆಗಿದ್ರ ಆ ಊಟ ಮುಟ್ಟತಿರಲಿಲ್ಲ."

"ಹೋಳಿಗೆ ಬಡಿಸಿದ್ರೆ ಮುಟ್ತಿದ್ದೆ ಕಣೆ," ಎಂದರು ಆಂಟಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪರ್ಷಿಯಾದ, ಅಂದರೆ ಈಗಿನ ಇರಾನಿನ, ಪಾಠ ಬಂದ ದಿನ ದಾರಿಯೂಷ್ ಮುಂದೆ ಬಂದು ಕೂತ. ರೋಮಿನ ಚಕ್ರವರ್ತಿ ಕ್ರೈಸ್ತರ ಗೆಳೆಯನಾದದ್ದೇ ತಡ, ಅವನ ವೈರಿಯಾದ ಪರ್ಷಿಯಾದ ರಾಜನಿಗೆ ತನ್ನ ಊರಿನ ಕ್ರೈಸ್ತರ ಮೇಲೆ ಸಂಶಯ ಬಂತು, ಇವರು ರೋಮಿನ ಕಡೆಯವರೆಂದು ಕೊಲ್ಲಿಸಿದ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಆಗ ರೋಮಿನ ಸಭೆಯವರು ಏನು ಮಾಡಿದರು?" ಎಂದು ಕೇಳಿದ.

"ಚಕ್ರವರ್ತಿ ಪರ್ಷಿಯಾದ ರಾಜನಿಗೆ ಒಂದು ಓಲೆ ಬರೆದನಂತೆ. ಅದರಿಂದ ಸಂಶಯ ಇನ್ನೂ ಹೆಚ್ಚಾಯಿತು ಅಂತಾರೆ."

"ಚಕ್ರವರ್ತಿ ಅಲ್ಲ, ಸಭೆಯವರು?"

ನನಗೆ ಗೊತ್ತಿರಲಿಲ್ಲ. ಪ್ರಾರ್ಥಿಸಿರಬೇಕು ಎಂದು ಏನೋ ಹೇಳಿ ಮುಂದಕ್ಕೆ ಹೋದೆ.

ಅಷ್ಟರಲ್ಲಿ ನಮಗೇ ಕಾಟ ಶುರುವಾಯಿತು. ಕಾಟವೆಂದರೆ ಏನು ಮಹಾ, ಪಕ್ಕದ ಮನೆಯವರು ಕೌನ್ಸಿಲಿಗೆ ದೂರು ಕೊಟ್ಟರು. ಬೀದಿ ತುಂಬ ಕಾರು, ಭಾನುವಾರ ಬೆಳಗ್ಗೆ ಢೋಲಕ್ಕಿನ ಗದ್ದಲ. ಗ್ಯಾರೇಜಿನಲ್ಲಿ ಇಷ್ಟು ಜನ ಸೇರುವಂತಿಲ್ಲ, ಬೇರೆ ಜಾಗ ನೋಡಿಕೊಳ್ಳಿ ಎಂದು ಕೌನ್ಸಿಲ್‌ನವರು ಹೇಳಿದರು. ಹತ್ತಿರದ ಸಮುದಾಯದ ಹಾಲಿಗೆ ಆಗಲೇ ಉದ್ದನೆಯ ಸರತಿ ಇತ್ತು. ಸಭೆಯ ಸೆಕ್ರೆಟರಿಯಾಗಿದ್ದ ಜೀವನ್ ಆ ಭಾಗದ ಎಂಪಿಯನ್ನು ಹೋಗಿ ಕಂಡರು. ಚುನಾವಣೆ ಹತ್ತಿರವಿತ್ತು. ಎಂಪಿ ಬಹಳ ಪ್ರೀತಿಯಿಂದ ಮಾತಾಡಿ, ಕೌನ್ಸಿಲಿಗೆ ಒಂದು ಮಾತು ಹೇಳೋಣ, ನಿಮ್ಮ ಆರಾಧನೆಗೆ ಒಮ್ಮೆ ನಾನೇ ಬಂದು ನೋಡುತ್ತೇನೆ ಎಂದನಂತೆ. ದೋಣಿಯಲ್ಲಿ ಬಂದವರಿಗೆ ಈ ದೇಶದಲ್ಲಿ ಜಾಗವಿಲ್ಲ ಎನ್ನುವುದು ಅವನ ಪಕ್ಷದ ಮಾತು. ಅದೂ ಎಲ್ಲರಿಗೂ ಗೊತ್ತಿತ್ತು.

"ಸುಗುಣಾ, ನಿನ್ನ ಚಕ್ರವರ್ತಿ ಬರ್ತಿದಾನಂತೆ!" ಎಂದು ಆಂಟಿ ಫೋನಿನಲ್ಲಿ ನಕ್ಕರು.

ತಯಾರಿಗೆಂದು ಆಂಟಿಯ ಅಡುಗೆಮನೆಯಲ್ಲಿ ಸೇರಿದೆವು. ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಹೊರದೇಶಕ್ಕೆ ಬಂದರೂ ಸನ್ಮಾನವೆಂದರೆ ನಮ್ಮವರಿಗೆ ಎಲ್ಲಿಲ್ಲದ ಹುರುಪು. ಮುಖ್ಯ ಅತಿಥಿ ಎಂದಮೇಲೆ ತಡವಾಗಿಯೇ ಬರುವುದು, ಅದು ನಾವು ಹುಟ್ಟಿದಾಗಿನಿಂದ ಕಂಡ ಸತ್ಯ. ಹಾಗಾಗಿ ಆರಾಧನೆ ಹನ್ನೊಂದಕ್ಕಾದರೆ ಅವನಿಗೆ ಹತ್ತು ಎಂದು ಹೇಳೋಣ, ಸರಿಹೋಗುತ್ತದೆ ಎಂದು ಜೀವನ್ ಲೆಕ್ಕ ಹಾಕಿದರು. ಎಲ್ಲರೂ ಭೇಷ್ ಎಂದೆವು.

ಆಮೇಲೆ ಜೀವನ್ ಎಂದರು, "ಜಾಗ ಸಾಲಲ್ಲ. ಆ ಟೇಬಲ್ ಒಂದು ಗಂಟೆ ಲಾಂಡ್ರಿ ಕಡೆ ಸರಿಸಿಬಿಟ್ರೆ ಅವರ ಚೇರ್ ಮಧ್ಯದಲ್ಲಿ ಹಾಕಬಹುದು."

ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ ಮಾತಾಡ್ತೀರ್ರಿ? ಕರ್ತನ ಮೇಜು ಸರಿಸಿ ಅದರ ಜಾಗಾದಾಗ ಎಂಪೀನ್ನ ಕೂಡಸ್ತೀರೇನು? ಮೇಜು ಅಲ್ಲಾಡಂಗಿಲ್ಲ!"

"ಅಲ್ವೇ, ಒಂದು ಗಂಟೆ ಅಷ್ಟೇ..."

"ಒಂದು ನಿಮಿಷನೂ ಇಲ್ಲ."

ನಾನು ಅಂದು ಆಡಿದ್ದೇನು ಸಣ್ಣ ಮಾತೇ? ರೋಮಿನಿಂದ ಹಿಡಿದು ಎಲ್ಲವನ್ನೂ ಆ ಅಡುಗೆಮನೆಗೆ ಎಳೆದು ತಂದೆ. ಕೊನೆಗೆ ಎಲ್ಲರೂ ಸೋತರು. ಮೇಜು ಇದ್ದಲ್ಲೇ ಇರುವುದು, ಎಂಪಿಗೆ ಪಕ್ಕದಲ್ಲಿ ಕುರ್ಚಿ ಎಂದು ತೀರ್ಮಾನವಾಯಿತು. ಏಳುವ ಹೊತ್ತಿಗೆ ಜೀವನ್, "ಸರಿ, ದಾರಿಯೂಷ್ ವಿಷಯ ನಾನು ನೋಡ್ಕೋತೀನಿ," ಎಂದರು. ಆಂಟಿ ತಲೆ ತಗ್ಗಿಸಿಕೊಂಡು ಲೋಟ ತೊಳೆಯುತ್ತಿದ್ದರು. ನಾನು ಹೂಂ ಎಂದೆ. ದಾರಿಯೂಷ್‌ನ ಯಾವ ವಿಷಯ ಎಂದು ಕೇಳಲಿಲ್ಲ. ನನ್ನ ಗೆಲುವಿನ ಗುಂಗಿನಲ್ಲಿ ನಾನಿದ್ದೆ.

ಆ ಭಾನುವಾರ ಒಳ್ಳೆಯ ಬಿಸಿಲಿತ್ತು. ಆಂಟಿಯ ಬೇಲಿಯಾಚೆ ವಾಟಲ್ ಮರ ಹಳದಿ ಹೂ ಬಿಟ್ಟಿತ್ತು. ನಾನೂ ಜೀವನ್ನೂ ಪೇಟದ ಡಬ್ಬಿ, ಹಣ್ಣಿನ ಬುಟ್ಟಿ ಹಿಡಿದು ಕಾರಿನಿಂದ ಇಳಿದು ನೋಡಿದರೆ, ಗ್ಯಾರೇಜಿನ ಮುಂದೆ ಎಂಪಿ ನಿಂತಿದ್ದಾನೆ! ಹತ್ತು ಎಂದರೆ ಹತ್ತಕ್ಕೇ ಬಂದಿದ್ದ. ಆಂಟಿ ಇನ್ನೂ ಸ್ನಾನಕ್ಕೆ ಹೋಗಿದ್ದರು, ಅಯ್ಯನವರ ರೈಲು ಬಂದಿರಲಿಲ್ಲ, ಸಭೆಯವರು ಒಬ್ಬರೂ ಇಲ್ಲ. ಇದ್ದವನು ದಾರಿಯೂಷ್ ಒಬ್ಬನೇ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಟೈ ಕಟ್ಟಿಕೊಂಡು ಕುರ್ಚಿ ಹಾಕುತ್ತಿದ್ದ. ಎಂಪಿಯೂ ಕೋಟು ಕಳಚಿ ಎರಡು ಪ್ಲಾಸ್ಟಿಕ್ ಕುರ್ಚಿ ಹೊತ್ತು ಅವನ ಹಿಂದೆ ನಡೆಯುತ್ತಿದ್ದ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು.

ಜೀವನ್ ಮುಖ ಬಿಳಿಚಿಹೋಯಿತು. ಎಂಪಿಯ ಕೈ ಕುಲುಕಿ, ಕ್ಷಮೆ ಕೇಳಿ, ದಾರಿಯೂಷ್‌ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಅವನು ತಲೆಯಾಡಿಸಿ ರೊಟ್ಟಿಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದ. ರೊಟ್ಟಿ ಇನ್ನೂ ಬೆಚ್ಚಗಿತ್ತು. ಇನ್ನಷ್ಟು ಕುರ್ಚಿ ತರಲು ಹೋದನೆಂದುಕೊಂಡು ನಾನು ಮೇಜಿನ ಬಟ್ಟೆ ಸರಿಮಾಡತೊಡಗಿದೆ.

ಆರಾಧನೆ ಚೆನ್ನಾಗಿಯೇ ಆಯಿತು ಎನ್ನಬೇಕು. ಎಂಪಿ ಮಾತಾಡಿದ. ಮಧ್ಯಪ್ರಾಚ್ಯದಲ್ಲಿ ನಂಬಿಕೆಗಾಗಿ ಹಿಂಸೆ ಅನುಭವಿಸುತ್ತಿರುವ ಕ್ರೈಸ್ತರನ್ನು ತಾನೂ ತನ್ನ ಪಕ್ಷವೂ ಎಂದಿಗೂ ಮರೆಯುವುದಿಲ್ಲ ಎಂದ. ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ತಟ್ಟುತ್ತಾ, ಈ ಮಾತಿಗೆ ದಾರಿಯೂಷ್‌ನ ಮುಖ ಹೇಗಿದೆಯೋ ನೋಡೋಣವೆಂದು ಹಿಂದಿನ ಸಾಲಿಗೆ ತಿರುಗಿದೆ. ಅವನ ಕುರ್ಚಿಯಲ್ಲಿ ಯಾರದೋ ಕೋಟುಗಳ ರಾಶಿ ಇತ್ತು.

ದಾರಿಯೂಷ್ ವಿಷಯ ನೋಡ್ಕೋತೀನಿ ಎಂದು ಅಡುಗೆಮನೆಯಲ್ಲಿ ಜೀವನ್ ಆಡಿದ ಮಾತು ಆಗ ನನಗೆ ಅರ್ಥವಾಯಿತು. ಅರ್ಥವಾಗಿ ಏನು ಮಾಡಿದೆ? ಎದ್ದು ಹೋಗಿ ಕರೆಯಲಿಲ್ಲ. ಅಯ್ಯನವರು ರೊಟ್ಟಿ ಮುರಿದರು, ನಾನು ಮೊಣಕಾಲೂರಿ ತೆಗೆದುಕೊಂಡೆ. ಹಾಸಿಗೆ ಹಿಡಿದವರಿಗೆ ಸಂಸ್ಕಾರವನ್ನು ಮನೆಗೇ ಒಯ್ಯುವ ಪದ್ಧತಿ ನಮ್ಮಲ್ಲುಂಟು. ಹಿತ್ತಲಲ್ಲೇ ಇದ್ದವನಿಗೆ ಒಯ್ಯಬೇಕೆಂದು ಯಾರಿಗೂ ತೋಚಲಿಲ್ಲ.

ಹಾರ, ಶಾಲು ಆದಮೇಲೆ ಪೇಟ ಬಂತು, ಕಿವಿಗೆ ಜಾರಿತು, ಫೋಟೋ ತೆಗೆದರು. ಹೊರಡುವಾಗ ಎಂಪಿ ಸುತ್ತಲೂ ನೋಡಿ ಕೇಳಿದ, "ಬೆಳಗ್ಗೆ ಇದ್ದನಲ್ಲ, ಆ ಯುವಕ, ರೊಟ್ಟಿ ಮಾಡುವವನು, ಎಲ್ಲಿ? ಅವನೂ ನಿಮ್ಮವನೇ ಅಲ್ಲವೇ?"

"ಇಲ್ಲ ಸರ್," ಎಂದರು ಜೀವನ್. "ಈ ಮನೆಯ ಬಾಡಿಗೆಯವನು. ನಮ್ಮ ಸಭೆಯವನಲ್ಲ."

ನಾನು ಪಕ್ಕದಲ್ಲೇ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದೆ. ನನ್ನ ಬಾಯಿ ಎಲ್ಲಿ ಹೋಗಿತ್ತೋ! ಊಟದ ಮೇಜಿಗಾಗಿ ಊರು ಒಂದು ಮಾಡಿದವಳು, ಮನುಷ್ಯನಿಗಾಗಿ ತುಟಿ ಬಿಚ್ಚಲಿಲ್ಲ. ಎಂಪಿ, "ಹೌದಾ? ಒಳ್ಳೆಯ ಹುಡುಗ, ನನ್ನ ನಮಸ್ಕಾರ ಹೇಳಿ," ಎಂದ. ನಾನು ನಕ್ಕು ಬುಟ್ಟಿಯನ್ನು ಅವನ ಕೈಗೆ ಕೊಟ್ಟೆ. ಅವನು ನಮ್ಮಿಂದ ಏನನ್ನೂ ಕೇಳಿರಲಿಲ್ಲ. ಕತ್ತಿ ಹಿರಿದು ಯಾರೂ ನಿಂತಿರಲಿಲ್ಲ. ಚಿಟಿಕೆ ಧೂಪವನ್ನು ನಾವೇ ಹುಡುಕಿ ತಂದು ಹಾಕಿದೆವು.

ಎಂಪಿಯ ಕಾರು ತಿರುಗಿದ ಕೂಡಲೇ ನಾನು ಜೀವನ್ ಮೇಲೆ ಹರಿಹಾಯ್ದೆ. "ನಮ್ಮವನಲ್ಲ ಅಂದ್ರಲ್ಲ! ನಾಲಿಗಿ ಹೆಂಗ ಹೊಳ್ಳಿತು ನಿಮಗ?"

"ಅವನ ಒಳ್ಳೇದಕ್ಕೇ ಕಣೆ. ವೀಸಾ ಹೇಗೆ, ಎಲ್ಲಿಂದ ಬಂದ ಅಂತ ಕೇಳಿದ್ರೆ ಏನು ಹೇಳ್ಲಿ? ನಮಗೂ ಹಾಲ್ ಬೇಕಲ್ವಾ?" ಎಂದರು. ಆಮೇಲೆ ದನಿ ತಗ್ಗಿಸಿ, "ನೀನೂ ಅಲ್ಲೇ ಇದ್ದೆ," ಎಂದರು.

ಇದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಬೇರೆಯವರಿಗೆ ಎಷ್ಟು ಸಲ ಅಂದಿದ್ದೇನೋ. ಆಂಟಿ ಬಂದು, "ನಂಗೂ ಗೊತ್ತಿತ್ತು ಕಣಮ್ಮ. ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಿಸಿಬೇಳೆಬಾತು ಹಾಕಿದ ತಟ್ಟೆಯನ್ನು ನನ್ನ ಕೈಗಿಟ್ಟು, "ನೀನೇ ಕೊಟ್ಟು ಬಾ," ಎಂದರು.

ಹೊರಗೆ ಅಷ್ಟು ಬಿಸಿಲಿದ್ದರೂ ಗ್ರ್ಯಾನಿ ಫ್ಲ್ಯಾಟಿನ ಪರದೆ ಎಳೆದಿತ್ತು. ಬಾಗಿಲು ತೆರೆದವನು ಇನ್ನೂ ಅದೇ ಬಿಳಿ ಅಂಗಿ, ಅದೇ ಟೈನಲ್ಲಿದ್ದ. ಅವನು ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಬೈಯಲಿಲ್ಲ. ತಟ್ಟೆ ಇಸಿದುಕೊಂಡು, ಹಾಲ್ ಸಿಗುತ್ತದೆಯೇ ಎಂದು ಕೇಳಿದ. ಸಿಗಬಹುದು ಎಂದೆ. "ಸ್ತೋತ್ರ," ಎಂದ, ದೇವರಿಗೆ ಕೃತಜ್ಞತೆ ಹೇಳುವಾಗ ನಮ್ಮವರು ಅನ್ನುವ ಹಾಗೆಯೇ. ಒಳಗೆ ಕೂತೇ ಎಲ್ಲ ಹಾಡನ್ನೂ ಹಾಡಿದೆ, ಮೆಲ್ಲಗೆ, ಎಂದ. ಅವನ ಮುಖ ನೋಡಲಾಗದೆ ನಾನು ಅವನ ಚಪ್ಪಲಿಯನ್ನು ನೋಡುತ್ತಿದ್ದೆ. ಕ್ಷಮಿಸು ಎಂದು ಹೇಳಲೇ ಇಲ್ಲ.

ಆಮೇಲೆ ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. "ನಮ್ಮೂರು ಶಿರಾಜಿನಲ್ಲಿ ನಾವು ಆರಾಧನೆಗೆ ಹೊರಡುವ ಮೊದಲು ಪ್ರತಿ ಸಲ ಒಬ್ಬರಿಗೆ ಫೋನ್ ಮಾಡುತ್ತಿದ್ದೆವು. ಇವತ್ತು ಬರಬಹುದಾ ಅಂತ. ಬಾ ಅಂದರೆ ಹೋಗುವುದು, ಬೇಡ ಅಂದರೆ ಮನೆಯಲ್ಲೇ. ಇಲ್ಲಿ ನಿಮ್ಮ ಸಭೆಗೆ ಬಂದ ಮೇಲೆ ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ." ಯಾವ ಕಹಿಯೂ ಇಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ: "ಸುಗುಣಕ್ಕ, ಇನ್ನು ಮೇಲೆ ನಾನು ಯಾರನ್ನು ಕೇಳಬೇಕು?"

"ಯಾರನ್ನೂ ಕೇಳಬೇಡ, ಬಾ," ಎಂದೆ. ಎಷ್ಟು ಸುಲಭವಾಗಿ ಅಂದೆ!

ಹಾಲ್ ಸಿಕ್ಕಿತು. ಸಭೆ ಇವತ್ತಿಗೂ ಅಲ್ಲೇ ಸೇರುತ್ತದೆ, ಗೋಡೆಯ ಮೇಲೆ ಆ ದಿನದ ಫೋಟೋ ಇದೆಯಂತೆ. ದಾರಿಯೂಷ್ ಮುಂದಿನ ಭಾನುವಾರವೂ ಬಂದ, ರೊಟ್ಟಿಯನ್ನೂ ತಂದ, ಹಾಡಿದ. ಆದರೆ ಆ ವಾರದಿಂದ, ನಾವು ಸಿಡ್ನಿ ಬಿಡುವವರೆಗೂ, ಪ್ರತಿ ಶನಿವಾರ ಸಂಜೆ ನನ್ನ ಫೋನಿಗೆ ಅವನಿಂದ ಒಂದು ಮೆಸೇಜ್ ಬರುತ್ತಿತ್ತು: ನಾಳೆ ಬರಬಹುದಾ? ಕೇಳಬೇಡ ಎಂದು ಎಷ್ಟು ಹೇಳಿದರೂ ಬಿಡಲಿಲ್ಲ. ಬರಬೇಕೋ ಬೇಡವೋ ಎಂದು ಹೇಳುವವರು ಇಲ್ಲಿಯೂ ಇದ್ದಾರೆಂದು ಅವನಿಗೆ ನಾವೇ ಕಲಿಸಿದ್ದೆವು. ನಾನು ಪ್ರತಿ ಶನಿವಾರವೂ, ನಾಚಿಕೆಯಿಂದ ಸಾಯುತ್ತಾ, ಬಾ ಎಂದು ಅಪ್ಪಣೆ ಕೊಟ್ಟೆ.